ಇನ್ನೂರಕ್ಕೆ ಹನ್ನೆರಡು ಕಮ್ಮಿ

ಕಳೆದ ತಿಂಗಳು ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಬಾಣಂತಿ ಬಂದು ಕೂತಳು. ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು, ಎದೆಗೆ ಅವಚಿಕೊಂಡ ಎರಡು ತಿಂಗಳ ಕೂಸು. ಅವಳ ತಾಯಿಗೆ ಸೀಟು ಸಿಕ್ಕಿರಲಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗನ್ನು ಕಿಟಕಿಗೆ ಅಡ್ಡ ಹಿಡಿದು, ಕೂಸಿಗೆ ಗಾಳಿ ತಾಗದಂತೆ ನಿಂತಿದ್ದರು. ಕೂಸಿನ ಮೈಯಿಂದ ಹರಳೆಣ್ಣೆ, ಬಜೆ, ಸಾಂಬ್ರಾಣಿ ಮೂರೂ ಬೆರೆತ ಬಿಸಿ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ಬಸ್ಸು ಮಲವಗೊಪ್ಪದಲ್ಲಿ ನಿಂತಿತು. ಆ ವಾಸನೆ ಮತ್ತು ಆ ಜಾಗ ಒಟ್ಟಿಗೆ ಎದುರಾದದ್ದು ನನಗೆ ತಡೆಯಲಾಗಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಆ ತಾಯಿ ನನ್ನ ಸೀಟಿನಲ್ಲಿ ಕೂರುತ್ತಾ, "ಒಳ್ಳೇದಾಗ್ಲವ್ವ ನಿಂಗೆ" ಅಂದರು. ಅವರಿಗೋಸ್ಕರ ಎದ್ದೆ ಅಂದುಕೊಂಡಿರಬೇಕು.

ನಾನು ಹೊರಟಿದ್ದು ಗಿರಿಜಾ ಚಿಕ್ಕಮ್ಮನ ಮನೆಗೆ. ಚಿಕ್ಕಪ್ಪ ಕಾರ್ಖಾನೆಯಿಂದ ನಿವೃತ್ತರಾಗಿ ಬಹಳ ಕಾಲವಾದರೂ ಉಳಿಸಿಕೊಂಡಿದ್ದ ಕ್ವಾರ್ಟರ್ಸನ್ನು ಅವರು ಕೊನೆಗೂ ಖಾಲಿ ಮಾಡುತ್ತಿದ್ದರು. "ಸಾಮಾನು ಕಟ್ಟೋಕೆ ಸಹಾಯ ಮಾಡು. ಬರುವಾಗ ನನ್ನ ತಾಮ್ರದ ಚೊಂಬು ಮರೀಬೇಡ" ಎಂದು ಅಮ್ಮ ಎರಡು ಸಲ ಹೇಳಿದ್ದಳು. ಎರಡೂವರೆ ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಆ ಚೊಂಬನ್ನು ಹಳೇ ಸೀರೆಯಲ್ಲಿ ಸುತ್ತಿ ಇದೇ ದಾರಿಯ ಬಸ್ಸಿನಲ್ಲಿ ಒಯ್ದು ಕೊಟ್ಟವಳು ನಾನೇ.

ನನ್ನ ಅಮ್ಮನ ಹೆಸರು ಸರ್ವಮಂಗಳ. ದುರ್ಗಿಗುಡಿಯ ನಮ್ಮ ಬೀದಿಗೆಲ್ಲ ಮಂಗಳಕ್ಕ. ಬೀದಿಯಲ್ಲಿ ಯಾರ ಮನೆಗೆ ಬಾಣಂತಿ ಬಂದರೂ ಕೂಸಿಗೆ ನೀರು ಹಾಕಲು ಅಮ್ಮನಿಗೇ ಕರೆ. ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತು, ಸೀರೆಯನ್ನು ಮಂಡಿಗೆ ಸರಿಸಿ, ಎರಡೂ ಕಾಲು ನೀಳವಾಗಿ ಚಾಚಿದಳೆಂದರೆ ಅದೇ ಕೂಸಿನ ಹಾಸಿಗೆ. ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು ಮಲಗುತ್ತಿತ್ತು, ತಲೆ ಅವಳ ಪಾದದ ಕಡೆಗೆ. ಎಡಗೈ ಕತ್ತಿನ ಕೆಳಗೆ, ಬಲಗೈಯಲ್ಲಿ ಚೊಂಬು. ಹಂಡೆಯ ನೀರನ್ನು ಮೊದಲು ತನ್ನ ಕಾಲಿಗೆ ಹೊಯ್ದುಕೊಂಡು ಬಿಸಿ ನೋಡುತ್ತಿದ್ದಳು. ಆಮೇಲೆ ಕೂಸು ಎಷ್ಟೇ ಕಿರುಚಲಿ, ಅವಳ ಕೈ ತಡವರಿಸಿದ್ದನ್ನು ನಾನು ಕಂಡಿಲ್ಲ. ಸ್ನಾನ ಮುಗಿಯುವಷ್ಟರಲ್ಲಿ ಕೂಸು ನಿದ್ದೆ ಹೋಗಿರುತ್ತಿತ್ತು. ಹೀಗೆ ಅಮ್ಮ ನೀರು ಹಾಕಿದ ಕೂಸುಗಳ ಲೆಕ್ಕವನ್ನು ಒಮ್ಮೆ ಅವಳನ್ನೇ ಕೂರಿಸಿಕೊಂಡು ಬರೆದೆ. ನಲವತ್ತೊಂದು. ಎಲ್ಲವೂ ಬೇರೆಯವರ ಮನೆಯವು. ಅಕ್ಕ ವಿನುತಾ ಮದುವೆಯಾದ ದಿನದಿಂದ ಅಮ್ಮ ನಲವತ್ತೆರಡನೆಯದಕ್ಕೆ ಕಾಯುತ್ತಿದ್ದಳು.

ಅದಕ್ಕೂ ಮೊದಲು ಅಮ್ಮನಿಗೆ ಬಂದದ್ದು ಲಿಂಫೋಮಾ ಎಂಬ ಕ್ಯಾನ್ಸರ್. ಕುತ್ತಿಗೆಯಲ್ಲಿ ಗಂಟು, ಕೀಮೋ, ಆರು ತಿಂಗಳ ನೆಮ್ಮದಿ, ಮತ್ತೆ ಗಂಟು. ಎರಡನೇ ಸಲ ಬೆಂಗಳೂರಿನ ಡಾಕ್ಟರಮ್ಮ ಕಾರ್-ಟಿ ಎಂಬ ಹೊಸ ಚಿಕಿತ್ಸೆಯ ಬಗ್ಗೆ ಹೇಳಿದರು. ಅಮ್ಮನ ರಕ್ತದಿಂದಲೇ ಕಾವಲಿನ ಜೀವಕೋಶಗಳನ್ನು ತೆಗೆಯುವುದು, ಪ್ರಯೋಗಾಲಯದಲ್ಲಿ ಅವಕ್ಕೆ ಕ್ಯಾನ್ಸರನ್ನು ಗುರುತು ಹಿಡಿಯಲು ಕಲಿಸುವುದು, ಬೆಳೆಸಿ ಮತ್ತೆ ಅಮ್ಮನ ಮೈಗೇ ಬಿಡುವುದು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಪ್ಪಾಜಿ ಇದನ್ನು ಮೂರು ಸಲ ಕೇಳಿ ತಿಳಿದುಕೊಂಡರು. ಅಮ್ಮ ಒಂದೇ ಪ್ರಶ್ನೆ ಕೇಳಿದಳು. "ಜೂನ್ ಹೊತ್ತಿಗೆ ಹುಷಾರಾಗ್ತೀನಾ ಡಾಕ್ಟ್ರೇ? ಮಗಳಿಗೆ ಜೂನ್‌ನಲ್ಲಿ ದಿನ ತುಂಬುತ್ತೆ."

ಫೆಬ್ರವರಿಯಲ್ಲಿ ಆ ಜೀವಕೋಶಗಳು ಅಮ್ಮನ ಮೈ ಸೇರಿದವು. ಒಂದು ಪುಟ್ಟ ಚೀಲ, ಮಬ್ಬಾದ ನೀರಿನಂಥದ್ದು, ಸ್ವಲ್ಪ ಹೊತ್ತಿನಲ್ಲೇ ಮುಗಿಯಿತು. ಮೂರನೇ ದಿನದಿಂದ ಜ್ವರ. ಔಷಧ ಮಿದುಳಿಗೆ ತೊಂದರೆ ಕೊಡುತ್ತಿದೆಯೇ ಎಂದು ತಿಳಿಯಲು ನರ್ಸುಗಳು ದಿನಾ ಬೆಳಿಗ್ಗೆ ಅಮ್ಮನಿಂದ ಒಂದು ವಾಕ್ಯ ಬರೆಸುತ್ತಿದ್ದರು. ಯಾವುದಾದರೂ ಸರಿ, ದಿನವೂ ಅದೇ ವಾಕ್ಯ. ಅಮ್ಮ ಆರಿಸಿಕೊಂಡದ್ದು, "ನನ್ನ ಮಗಳ ಬಾಣಂತನ ನಾನೇ ಮಾಡಬೇಕು." ಆರನೇ ದಿನ ಅಕ್ಷರಗಳು ಒಂದರ ಮೇಲೊಂದು ಬಿದ್ದವು, ಕೊನೆಯ ಪದ ಬರಲೇ ಇಲ್ಲ. ನನ್ನ ಹೆಸರನ್ನೂ ಹೇಳಲಾಗಲಿಲ್ಲ. ಎಂಟನೇ ದಿನ ವಾಕ್ಯ ಮತ್ತೆ ಪೂರ್ತಿಯಾಯಿತು. ನರ್ಸಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಸಾಲು ನೆಟ್ಟಗಿದೆ ಎಂದು ನಕ್ಕಳು.

ತಿಂಗಳಾದ ಮೇಲೆ ಮಾಡಿದ ಸ್ಕ್ಯಾನಿನಲ್ಲಿ ಕ್ಯಾನ್ಸರಿನ ಗುರುತೇ ಇರಲಿಲ್ಲ. ನನ್ನ ಡೈರಿಯ ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಪದ: "ಹೋಯಿತು." ಅದರ ಕೆಳಗೆ ಎರಡು ಗೆರೆ. ನಮ್ಮ ಆಡಿಟರ್ ಆಫೀಸಿನಲ್ಲಿ ಒಂದು ವರ್ಷದ ಲೆಕ್ಕ ಮುಗಿದಾಗ ಎಳೆಯುವಂಥ ಗೆರೆ.

ಮಾರ್ಚ್ ಮಧ್ಯದಲ್ಲಿ ಶಿವಮೊಗ್ಗಕ್ಕೆ ವಾಪಸು ಬಂದೆವು. ರೋಗ ಹೋಯಿತೆಂದರೆ ಆರೋಗ್ಯ ಬಂತು ಎಂಬುದು ನಮ್ಮ ಮನೆಯ ಲೆಕ್ಕ, ಬಹುಶಃ ನಮ್ಮ ಬೀದಿಯ ಲೆಕ್ಕವೂ ಅದೇ. ಜನರಿಂದ ದೂರ ಇರಿ, ಮಾಸ್ಕ್ ಹಾಕಿ, ಹಸಿ ತರಕಾರಿ ಬೇಡ ಎಂದು ಬರೆದುಕೊಟ್ಟಿದ್ದ ಹಾಳೆ ಫ್ರಿಜ್ಜಿನ ಬಾಗಿಲಲ್ಲಿ ಇತ್ತು. ಅದನ್ನು ನಾವು ಪಥ್ಯದ ಹಾಗೆ ನೋಡಿದೆವು. ಪಥ್ಯವನ್ನು ಹಬ್ಬದ ದಿನ ಒಂದಿಷ್ಟು ಸಡಿಲಿಸಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಎಲ್ಲರಿಗೂ ಇತ್ತು.

ಹಬ್ಬದಂತೆ ಬಂದದ್ದು ಅಕ್ಕನ ಕುಬುಸ. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ.

"ಹನ್ನೊಂದೇ ಜನ" ಅಂದರು ಅಪ್ಪಾಜಿ. "ಬೀಗರು, ನಾವು, ಗಿರಿಜಾ. ಮಂಗಳಾ, ನೀನು ದೂರ ಕುರ್ಚಿ ಮೇಲೆ ಕೂತ್ಕೋಬೇಕು."

"ನನ್ ಮಗಳ ಕುಬುಸಕ್ಕೆ ನಾನೇನು ಪೇಟೆಯಿಂದ ಬಂದ ಅತಿಥಿನೇನ್ರೀ, ಕುರ್ಚಿ ಮೇಲೆ ಕೂತ್ಕಳಕ್ಕೆ? ಉಡಿ ತುಂಬೋಳು ತಾಯಿ."

"ಮಾಸ್ಕ್ ಹಾಕ್ಕೊಂಡು ತುಂಬು."

"ಹಾಕ್ಕೋತೀನಿ. ಫೋಟೋದಲ್ಲಿ ಮಾತ್ರ ತೆಗೀತೀನಿ."

ಏಪ್ರಿಲ್ ಬಿಸಿಲು. ಫ್ಯಾನು ಸುತ್ತಿದರೂ ಬಿಸಿಗಾಳಿಯೇ. ಬಳೆಗಾರ ಬಂದು ಜಗುಲಿಯಲ್ಲಿ ಬಳೆಗಳ ಮಲಾರ ಬಿಚ್ಚಿದ್ದೇ ಬೀದಿಗೆ ಸುದ್ದಿಯಾಯಿತು. ಯಾರನ್ನೂ ಕರೆದಿರಲಿಲ್ಲ, ಆದರೆ ಮಂಗಳಕ್ಕನ ಮಗಳ ಕುಬುಸಕ್ಕೆ ಕರೆಯಲಿ ಎಂದು ಕಾಯುವುದು ಬೀದಿಯ ಹೆಂಗಸರಿಗೆ ಅವಮಾನ. ಅಮ್ಮ ಬದುಕಿ ಬಂದಿದ್ದಾಳೆ, ಅವಳನ್ನು ಕಣ್ಣಿಂದ ನೋಡುವುದೂ ಆಯಿತು, ಉಡಿ ತುಂಬುವುದೂ ಆಯಿತು. ಒಬ್ಬೊಬ್ಬರೇ ಬಂದು ಅಮ್ಮನನ್ನು ತಬ್ಬಿಕೊಂಡು ಅತ್ತರು. ಎದುರು ಮನೆಯ ನೀಲಕ್ಕ ಮೊಮ್ಮಗನನ್ನು ಅಮ್ಮನ ತೋಳಿಗೆ ಹಾಕಿ, "ಹಿಡ್ಕಳ್ರಿ ಮಂಗಳಕ್ಕ, ಇವರವ್ವಂಗೂ ನೀವೇ ನೀರು ಹಾಕಿದ್ದು. ಮುಟ್ಟಿ ಆಶೀರ್ವಾದ ಮಾಡಿ" ಅಂದರು. ಹುಡುಗನ ಮೂಗು ಸೋರುತ್ತಿತ್ತು. ಅಮ್ಮ ಸೆರಗಿನಿಂದಲೇ ಒರೆಸಿದಳು. ಊಟ ಮುಗಿದ ಮೇಲೆ ಎಲೆ ಎಣಿಸಿದೆ, ಅರವತ್ತಮೂರು. ಫೋಟೋಗಳಲ್ಲಿ ಎಲ್ಲೂ ಅಮ್ಮನ ಮಾಸ್ಕ್ ಇಲ್ಲ. ನಮ್ಮ ಮನೆಯ ಅತ್ಯಂತ ಒಳ್ಳೆಯ ಫೋಟೋಗಳು ಇಂದಿಗೂ ಅವೇ.

ನಾಲ್ಕನೇ ದಿನ ಅಮ್ಮನಿಗೆ ಚಳಿ, ಜ್ವರ, ಆಮೇಲೆ ಉಸಿರಿಗೇ ತೊಂದರೆ. ಇಲ್ಲಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಆಮ್ಲಜನಕದ ಮೇಲಿದ್ದಳು. ಬೆಂಗಳೂರಿನ ಡಾಕ್ಟರಮ್ಮ ಫೋನಿನಲ್ಲೇ ಇಲ್ಲಿಯವರಿಗೆ ದಾರಿ ಹೇಳುತ್ತಿದ್ದರು. ಅಮ್ಮ ಕಣ್ಣು ಬಿಟ್ಟು ಮಾತಾಡುವಂತಾದಾಗ ವಿಡಿಯೋದಲ್ಲಿ ಬಂದರು.

"ಅಮ್ಮಾ, ರೋಗ ಹೋಗಿದೆ. ಆದ್ರೆ ರಕ್ಷಣೆ ಇನ್ನೂ ಬಂದಿಲ್ಲ. ಇವೆರಡೂ ಬೇರೆ ಬೇರೆ. ನಾವು ಕಳಿಸಿದ ಜೀವಕೋಶಗಳು ಕ್ಯಾನ್ಸರಿನ ಜೊತೆ ಅದೇ ಜಾತಿಯ ಒಳ್ಳೆ ಜೀವಕೋಶಗಳನ್ನೂ ಕೊಂದಿವೆ. ಸೋಂಕಿನ ವಿರುದ್ಧ ಹೋರಾಡೋ ಪ್ರೋಟೀನು ಮಾಡ್ತಿದ್ದವು ಅವು. ಮತ್ತೆ ಹುಟ್ಟಿ ಬೆಳೀಬೇಕು. ತಿಂಗಳುಗಟ್ಟಲೆ ಬೇಕು, ವರ್ಷ ದಾಟಬಹುದು."

"ಚಿಕ್ಕವಳಿದ್ದಾಗ ಇಂಜೆಕ್ಷನ್ ಹಾಕ್ಸಿದ್ರಲ್ಲ, ಅದು?"

"ಅದರ ನೆನಪೂ ಮೈಗೆ ಉಳಿದಿರ್ಲಿಕ್ಕಿಲ್ಲ. ಆರು ತಿಂಗಳಾದ ಮೇಲೆ ಲಸಿಕೆಗಳನ್ನ ಮತ್ತೆ ಮೊದಲಿಂದ ಶುರು ಮಾಡೋಣ."

ಫೋನ್ ಇಟ್ಟ ಮೇಲೆ ಅಮ್ಮ ಛಾವಣಿ ನೋಡುತ್ತಾ ಹೇಳಿದಳು. "ಹಂಗಾದ್ರೆ ನಾನೂ ಒಂದು ಹಸಿ ಕೂಸು. ಹಸಿ ಕೂಸಿನ ಕೈಗೆ ಹಸಿ ಕೂಸು ಕೊಡಾಕಾಗುತ್ತಾ?" ಆಮೇಲೆ, "ಬಾಣಂತನ ಗಿರಿಜಾ ಮಾಡ್ಲಿ. ಭದ್ರಾವತಿಲಿ" ಅಂದಳು. ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ.

ಗಿರಿಜಾ ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ಅವರಿಗೆ ಮಕ್ಕಳಿಲ್ಲ. ಸುದ್ದಿ ಕೇಳಿ ಆಸ್ಪತ್ರೆಯ ಕಾರಿಡಾರಿನಲ್ಲೇ ಕೂತುಬಿಟ್ಟರು. "ಶೈಲಿ, ನಂಗೆ ಕೂಸು ಎತ್ಕಳಕ್ಕೇ ಬರಲ್ಲ ಮಾರಾಯ್ತಿ. ಬೇರೆಯೋರ ಕೂಸು ಕೊಟ್ರೂ ಕೈ ನಡುಗುತ್ತೆ. ನಿಮ್ಮಮ್ಮಂಗೆ ಹೇಳೇ."

ನಾನು ಹೇಳಲಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲಿತ್ತು. ಸಿಡಿ ಫೋರ್ ಎಂಬ ಜೀವಕೋಶಗಳ ಎಣಿಕೆ ಇನ್ನೂರು ದಾಟುವ ತನಕ ಇಂಥ ಮಾತ್ರೆ ನಿಲ್ಲಿಸಬಾರದು. ಆಗ ಅದು ಎಂಬತ್ತರ ಒಳಗಿತ್ತು. ಅಪ್ಪಾಜಿ ಸೀಮೆಸುಣ್ಣದಿಂದ ತಲೆಬಾಗಿಲಿನ ಒಳಮೈಯಲ್ಲಿ ದೊಡ್ಡದಾಗಿ ೨೦೦ ಎಂದು ಬರೆದರು. ಬರೆದದ್ದು ನಮ್ಮ ಧೈರ್ಯಕ್ಕೆ, ಪರೀಕ್ಷೆಗೆ ಮುಂಚೆ ಮಕ್ಕಳು ಗುರಿಯ ಅಂಕ ಬರೆದುಕೊಳ್ಳುವ ಹಾಗೆ. ಆದರೆ ಅಮ್ಮನಿಗೆ ಅದು ವ್ರತವಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಎದ್ದು ಬಂದು ಆ ಬಾಗಿಲನ್ನು ನೋಡುತ್ತಿದ್ದಳು. ಅವಳ ಮಟ್ಟಿಗೆ ಇನ್ನೂರಾಗುವ ತನಕ ಮೈ ಮೈಲಿಗೆ. ಯಾರನ್ನೂ ಮುಟ್ಟುವ ಹಾಗಿಲ್ಲ, ಮುಖ್ಯವಾಗಿ ಕೂಸನ್ನು. ಒಮ್ಮೆ ಹುಂಬತನ ಮಾಡಿ ಸತ್ತು ಬದುಕಿದ್ದ ನಮಗೆಲ್ಲ ಆ ಕಟ್ಟುನಿಟ್ಟು ಸರಿಯೆಂದೇ ಕಂಡಿತು. ಅಪ್ಪಾಜಿ ಬೀದಿ ಬಾಗಿಲಿಗೆ ಹಗ್ಗ ಕಟ್ಟಿದರು. ನೀಲಕ್ಕ ಗೇಟಿನ ಆಚೆ ನಿಂತು, "ನನ್ನಿಂದಾನೇ ಹಿಂಗಾಯ್ತೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಜೂನ್ ಕೊನೆಯ ವಾರ, ಬೆಳಗಿನ ಜಾವದಿಂದ ಸುರಿದ ಮಳೆ ಒಂಬತ್ತಕ್ಕೆ ನಿಂತಿತ್ತು. ಭದ್ರಾವತಿಯಿಂದ ಚಿಕ್ಕಮ್ಮನ ಫೋನು. ಹೆಣ್ಣು ಕೂಸು, ಎರಡು ಮುಕ್ಕಾಲು ಕಿಲೋ. ಅಮ್ಮ ಕೇಳಿದ್ದು, "ಕೂದಲು ಎಷ್ಟಿದೆ?" ಆಮೇಲೆ ಒಳಗೆ ಹೋಗಿ ಚೊಂಬು ತಂದು ಸೀರೆಯಲ್ಲಿ ಸುತ್ತಿದಳು. "ಸ್ಟೀಲು, ಪ್ಲಾಸ್ಟಿಕ್ ಮಗ್ಗು ಬೇಡ ಅನ್ನು. ಇದರ ಬಾಯಿಂದ ನೀರು ಒಂದೇ ಧಾರೆಯಾಗಿ ಬೀಳುತ್ತೆ. ಕೂಸಿಗೆ ಹೆದರಿಕೆ ಆಗಲ್ಲ."

ಹನ್ನೊಂದನೇ ದಿನ ಮೊದಲ ನೀರು. ನಾನು ಚಿಕ್ಕಮ್ಮನ ಬಚ್ಚಲಲ್ಲಿ ಸೋಪಿನ ಗೂಡಿಗೆ ಫೋನು ಒರಗಿಸಿ ನಿಂತಿದ್ದೆ. ಫೋನಿನ ಒಳಗೆ ಅಮ್ಮ. ಹಂಡೆಯ ಆವಿಗೆ ಕ್ಯಾಮೆರಾ ಮಂಜಾಗುತ್ತಿತ್ತು, ಒರೆಸುವುದು ನನ್ನ ಕೆಲಸ. ಪಕ್ಕದ ಮನೆಯ ಸೆಲ್ವಿ, ಕಾರ್ಖಾನೆಯಲ್ಲಿದ್ದವರ ಸೊಸೆ, ಟವೆಲು ಹಿಡಿದು ನಿಂತಿದ್ದಳು.

"ಕಾಲು ಚಾಚೇ ಗಿರಿಜಾ. ಇನ್ನೂ ಚಾಚು. ಮಂಡಿ ಯಾಕೆ ಎತ್ತಿದೀಯ?"

"ನಡುಗ್ತಿದೆ ಕಣಕ್ಕ."

"ನಡುಗ್ಲಿ. ಕತ್ತಿನ ಕೆಳಗೆ ಕೈ ಇಡು. ಮೊದ್ಲು ನಿನ್ನ ಕಾಲಿಗೆ ಹೊಯ್ಕೋ. ಹೊಯ್ಕೊಂಡ್ಯಾ? ಈಗ ಹೊಟ್ಟೆಗೆ. ಮುಖಕ್ಕಲ್ಲ! ಶೈಲಿ, ಒರೆಸೇ, ಏನೂ ಕಾಣ್ತಿಲ್ಲ."

ಕೂಸು ಸೂರು ಹಾರಿಹೋಗುವಂತೆ ಅತ್ತಿತು. ಚಿಕ್ಕಮ್ಮನೂ ಅಳುತ್ತಿದ್ದರು. "ಅಕ್ಕಾ, ನೀನು ಅಲ್ಲಿಂದ ನೀರು ಹೊಯ್ಯಾಕಾಗಲ್ಲ, ಸುಮ್ನೆ ನೋಡು ಮಾರಾಯ್ತಿ, ನಂಗೆ ಗಾಬರಿ ಮಾಡ್ಬೇಡ!"

"ಅಮ್ಮಾ, ಬೇಬಿ ಮೂಗು ನಿಮ್ದೇ" ಎಂದು ಸೆಲ್ವಿ ನನ್ನ ಭುಜದ ಮೇಲಿಂದ ಫೋನಿಗೆ ಕೂಗಿದಳು. ಮಂಜು ಒರೆಸಿ ನೋಡಿದರೆ ಪರದೆಯಲ್ಲಿ ಬರೀ ಅಮ್ಮನ ಅಂಗೈ. ಮುಖ ಮುಚ್ಚಿಕೊಂಡಿದ್ದಳು.

ಮುಂದಿನ ವಾರಗಳಲ್ಲಿ ನಾನು ಶನಿವಾರ ಭಾನುವಾರ ಭದ್ರಾವತಿ, ಉಳಿದ ದಿನ ಆಫೀಸು. ಪ್ರತಿಸಲ ಬಂದಾಗಲೂ ಮೊದಲು ಮಿಂದು ಬಟ್ಟೆ ಬದಲಿಸಿ, ಆಮೇಲೆ ಅಮ್ಮನ ಎದುರು ಕೂರಬೇಕು. ಆದರೂ ಆ ಬಜೆಯ ವಾಸನೆ ನನ್ನ ಕೂದಲಲ್ಲಿ ಉಳಿದಿರುತ್ತಿತ್ತು. ಅಮ್ಮ ದೂರದಿಂದಲೇ, "ಸ್ವಲ್ಪ ತಿರುಗೇ" ಅಂತಿದ್ದಳು. ನಾನು ಬೆನ್ನು ಮಾಡಿ ಕೂರುತ್ತಿದ್ದೆ. ಅವಳು ದೂರದಲ್ಲೇ ಕೂತು ಆ ವಾಸನೆಗೆ ಉಸಿರೆಳೆದುಕೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಒಂದೇ ವಾರ ಇಬ್ಬರಿಗೂ ಲಸಿಕೆ. ಕೂಸಿಗೆ ಒಂದೂವರೆ ತಿಂಗಳಿನದು, ಅಮ್ಮನಿಗೆ ಚಿಕಿತ್ಸೆಯಾಗಿ ಆರು ತಿಂಗಳಿನದು. ಇಬ್ಬರಿಗೂ ಜ್ವರ ಬಂತು. ಕೂಸಿಗೆ ಇಳಿದದ್ದು ಮೊದಲು. ಪೋಲಿಯೊ ಹನಿ ಹಾಕಿಸಿದ ಕೂಸಿನ ಮಲವನ್ನು ಅಮ್ಮ ಕೆಲವು ವಾರ ಮುಟ್ಟಬಾರದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ನಮ್ಮ ಮನೆಗೆ ಬರುವಷ್ಟರಲ್ಲಿ ಆ ಮಾತು, ಕೂಸಿನ ಹತ್ತಿರವೇ ಸುಳಿಯಬಾರದು ಎಂದಾಗಿತ್ತು. ಯಾರು ಹಾಗೆ ಮಾಡಿದರೆಂದು ಹೇಳಲಾರೆ. ಹೆದರಿದ ಮನೆಯಲ್ಲಿ ಮಾತು ತಾನಾಗಿಯೇ ದಪ್ಪವಾಗುತ್ತದೆ.

ಎರಡು ತಿಂಗಳಿಗೊಮ್ಮೆ ರಕ್ತಪರೀಕ್ಷೆ. "ಕಾವಲಿನೋರು ಎಷ್ಟು ಮಂದಿ ಬಂದ್ರೇ ಶೈಲಿ?" ಎಂದು ಅಮ್ಮ ಕೇಳುವಳು. ನೂರ ಹನ್ನೆರಡು. ಆಮೇಲೆ ನೂರ ಐವತ್ತು. ಅಕ್ಟೋಬರ್ ಕೊನೆಗೆ ನೂರ ಎಂಬತ್ತೆಂಟು. ನಾನು ಖುಷಿಯಿಂದ ಓದಿ ಹೇಳಿದೆ. ಅಮ್ಮ ಬಾಗಿಲು ನೋಡಿ, "ಹನ್ನೆರಡು ಕಮ್ಮಿ" ಅಂದಳು.

ನವೆಂಬರಿನಲ್ಲಿ ಕೂಸಿಗೆ ಐದು ತಿಂಗಳು. ಬಾಣಂತಿಯನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವ ಸಮಯ. ಭಾವ ದಾವಣಗೆರೆಯಿಂದ ಕಾರು ತಂದರು. ಕೂಸಿಗೆ ಇಂಚರ ಎಂದು ಹೆಸರಿಟ್ಟು ಆಗಿತ್ತು. ಅದನ್ನೂ ಅಮ್ಮ ಫೋನಿನಲ್ಲೇ ನೋಡಿದ್ದು. ಹೋಗುವ ಮುಂಚೆ ಒಮ್ಮೆ ದುರ್ಗಿಗುಡಿಗೆ ಬರುತ್ತೇವೆ ಎಂದಳು ಅಕ್ಕ. ಅಮ್ಮ ಬೇಡವೆಂದಳು. ಕಾರು ನಿಂತರೆ ಬೀದಿಯೇ ಬಂದು ಸೇರುತ್ತದೆ, ಮತ್ತೆ ಕುಬುಸದ ದಿನವೇ ಆಗುತ್ತದೆ. "ಮಲವಗೊಪ್ಪದಲ್ಲಿ ನಿಲ್ಸಿ. ನಾನೇ ಬರ್ತೀನಿ. ದೂರದಿಂದ ನೋಡ್ತೀನಿ."

ಅಪ್ಪಾಜಿ ಗುರುತಿನ ಆಟೋ ಹೇಳಿದರು. ಅಮ್ಮ ಎರಡು ಮಾಸ್ಕ್ ಹಾಕಿಕೊಂಡು, ರೇಷ್ಮೆ ಸೀರೆ ಉಟ್ಟು ಹೊರಟಳು, ಜೊತೆಗೆ ಅಪ್ಪಾಜಿ ಮತ್ತು ನಾನು. ಏಪ್ರಿಲ್ ನಂತರ ಆಸ್ಪತ್ರೆ ಬಿಟ್ಟು ಅವಳು ಕಂಡ ಮೊದಲ ರಸ್ತೆ ಅದು. ಚಳಿಗಾಲದ ಬಿಸಿಲು. ಆಟೋ ಒಂದು ಬದಿಗೆ ನಿಂತಿತು, ಸ್ವಲ್ಪ ಹೊತ್ತಿಗೆ ಭಾವನ ಕಾರು ರಸ್ತೆಯ ಆಚೆ ಬದಿಗೆ. ಅಕ್ಕ ಇಳಿದು ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಹಳದಿ ಟೋಪಿ, ಹಣೆಯಲ್ಲಿ ವಿಭೂತಿ. ಅಮ್ಮ ಆಟೋದಿಂದ ಇಳಿದು ರಸ್ತೆಯ ಅಂಚಿಗೆ ಹೋಗಿ ನಿಂತಳು.

ಆಗ ನಡುವೆ ಒಂದು ಪ್ರೈವೇಟ್ ಬಸ್ಸು ಬಂದು ನಿಂತಿತು. ಕಂಡಕ್ಟರು, "ಭದ್ರಾವತಿ ಭದ್ರಾವತಿ, ಹತ್ರೀ ಅಜ್ಜಿ" ಎಂದು ಅಮ್ಮನನ್ನೇ ಕರೆದ. ಅಮ್ಮ ತಲೆ ಅಲ್ಲಾಡಿಸಿದಳು. ಬಸ್ಸು ಹೋದಾಗ ಅಕ್ಕ ರಸ್ತೆ ದಾಟಲು ಕಾಲು ಮುಂದಿಟ್ಟಿದ್ದಳು, ಕೂಸು ಎದೆಯ ಮೇಲೆ.

"ಅಮ್ಮಾ, ಒಂದ್ಸಲ ಎತ್ಕೋ. ಒಂದ್ ನಿಮಿಷ. ಏನೂ ಆಗಲ್ಲ."

ಅಮ್ಮ ಅಂಗೈ ಚಾಚಿದಳು, ಟ್ರಾಫಿಕ್ ಪೊಲೀಸರು ನಿಲ್ಲಿಸುವ ಹಾಗೆ. "ಬೇಡ ವಿನು. ಅಲ್ಲೇ ಇರು. ಹನ್ನೆರಡು ಕಮ್ಮಿ ಇದೆ."

ಅಕ್ಕ ರಸ್ತೆಯ ಅಂಚಿನಲ್ಲೇ ನಿಂತುಬಿಟ್ಟಳು. ಅಪ್ಪಾಜಿ ನನ್ನನ್ನು ನೋಡಿದರು. ನಾನು ಅಮ್ಮನನ್ನು ನೋಡಿದೆ. ಕಾರಿನ ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ ತೊಟ್ಟಿಲ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದರು. ಕೂಸನ್ನು ಬಿಟ್ಟು ಬರಲು ಅವರೂ ದಾವಣಗೆರೆಗೆ ಹೊರಟಿದ್ದರು. ನಾಲ್ಕೈದು ಹೆಜ್ಜೆ ದೂರದಲ್ಲಿದ್ದವರು ನಾವು, ಒಬ್ಬರಾದರೂ ಮಾತಾಡಬಹುದಿತ್ತು. ಕಾರು ಹೊರಟು ತಿರುವಿನಲ್ಲಿ ಮರೆಯಾದರೂ ಅಮ್ಮನ ಕೈ ಪೂರ್ತಿ ಕೆಳಗಿಳಿದಿರಲಿಲ್ಲ.

ಡಿಸೆಂಬರ್ ಕೊನೆಗೆ ಇನ್ನೂರ ನಲವತ್ತೊಂದು ಬಂತು. ಅಪ್ಪಾಜಿ ಬಾಗಿಲಿನ ಸೀಮೆಸುಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಜನವರಿಯಲ್ಲಿ ಬೆಂಗಳೂರಿಗೆ ಹೋದಾಗ ಅಮ್ಮ ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳಿದಳು. "ಡಾಕ್ಟ್ರೇ, ಇನ್ನೂರು ದಾಟಿತು. ಇನ್ನು ಮೊಮ್ಮಗಳನ್ನ ಮುಟ್ಬೋದಲ್ಲ?"

ಡಾಕ್ಟರಮ್ಮ ಕಂಪ್ಯೂಟರಿನಿಂದ ಮುಖ ಎತ್ತಿದರು. "ಇಷ್ಟು ದಿನ ಮುಟ್ಟಿಲ್ವಾ?"

"ಇನ್ನೂರಾಗೋ ತನಕ ಅಂತ…"

"ಇನ್ನೂರು ಅನ್ನೋದು ಆ ಮಾತ್ರೆ ನಿಲ್ಲಿಸೋಕಮ್ಮಾ. ಮೊಮ್ಮಗಳಿಗೂ ಅದಕ್ಕೂ ಸಂಬಂಧ ಇಲ್ಲ. ಕೂಸಿಗೆ ಶೀತ ಜ್ವರ ಇಲ್ದಿದ್ರೆ, ಕೈ ತೊಳ್ಕೊಂಡು ಮಾಸ್ಕ್ ಹಾಕ್ಕೊಂಡು ಎತ್ಕೋಬಹುದಿತ್ತು. ಬಟ್ಟೆ ಬದಲಿಸೋದು ಮಾತ್ರ ಬೇರೆಯವರು. ಜುಲೈನಲ್ಲೇ ಹೇಳ್ತಿದ್ದೆ. ಒಂದು ಮಾತು ಕೇಳೋದಲ್ವಾ?"

ಅಮ್ಮ ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿದಳು, ಮತ್ತೆ ತೆರೆದಳು. "ಕೇಳಿದ್ರೆ ಬೇಡ ಅಂತೀರೇನೋ ಅಂತ ಕೇಳ್ಲಿಲ್ಲ."

ವಾಪಸು ಬರುವ ರೈಲು ಅರಸೀಕೆರೆ ದಾಟಿದ ಮೇಲೆ ಅಪ್ಪಾಜಿ, "ನಾನು ಅದನ್ನ ಬಾಗಿಲ ಮೇಲೆ ಬರೀಬಾರದಿತ್ತು" ಅಂದರು. ಅಮ್ಮ, "ನಿಮ್ಮ ಅಕ್ಷರ ಚೆನ್ನಾಗಿತ್ತು ಬಿಡಿ" ಅಂದಳು.

ಅದೇ ವಾರ ಚಿಕ್ಕಮ್ಮನನ್ನೂ ಕರೆದುಕೊಂಡು ದಾವಣಗೆರೆಗೆ ಹೋದೆವು. ಅಮ್ಮ ಮಣೆ ಕೇಳಿ ಇಸಿದುಕೊಂಡು ಬಚ್ಚಲಲ್ಲಿ ಗೋಡೆಗೆ ಒರಗಿ ಕಾಲು ಚಾಚಿದಳು. ಇಂಚರ ಅಷ್ಟು ಹೊತ್ತಿಗೆ ಕೂರಲು ಕಲಿತಿದ್ದಳು. ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂತು ನೀರು ಬಡಿಯುವುದು ಅವಳಿಗೆ ಅಭ್ಯಾಸವಾಗಿತ್ತು. ಕಾಲ ಮೇಲೆ ಮಲಗಿಸಿದ್ದೇ ಬೆನ್ನು ಬಿಲ್ಲು ಮಾಡಿ ಕಿರುಚಿದಳು, ಹೊರಳಿದಳು, ಜಾರಿದಳು. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನ ಕಡೆ ಕೈ ಚಾಚಿದಳು. ಚಿಕ್ಕಮ್ಮ ಎತ್ತಿಕೊಳ್ಳಲಿಲ್ಲ, ಅಮ್ಮನ ಮುಖ ನೋಡುತ್ತಾ ನಿಂತರು. "ಎತ್ಕೊಳೇ ಗಿರಿಜಾ, ಅಳ್ತಿದೆ" ಎಂದು ಅಮ್ಮನೇ ಹೇಳಬೇಕಾಯಿತು. ಆಮೇಲೆ ತನ್ನ ಒದ್ದೆ ಕಾಲುಗಳನ್ನು ತಾನೇ ಒರೆಸಿಕೊಂಡಳು. ಆ ದಿನದ ಪುಟದಲ್ಲಿ ನಲವತ್ತೆರಡು ಎಂದು ಬರೆಯಬೇಕೇ ಬೇಡವೇ ಎಂದು ನನಗೆ ತಿಳಿಯಲಿಲ್ಲ. ಬರೆಯಲಿಲ್ಲ.

ಈಗ ಅಮ್ಮ ಚೆನ್ನಾಗಿದ್ದಾಳೆ. ಸ್ಕ್ಯಾನುಗಳು ಶುದ್ಧ. ತಿಂಗಳಿಗೊಮ್ಮೆ ಹಾಕಿಸಬೇಕಿದ್ದ ಪ್ರತಿಕಾಯದ ಡ್ರಿಪ್ಪೂ ನಿಂತಿದೆ. ಆಕೆ ಬದುಕಿದ್ದಾಳೆ ಎಂಬುದರ ಎದುರು ಉಳಿದದ್ದನ್ನು ತೂಗಲೇಬಾರದು ಎಂದು ಗೊತ್ತು. ಆದರೆ ಆ ವರ್ಷದ ಪುಟಗಳನ್ನು ತಿರುವಿದಾಗ ನನ್ನ ಬೆರಳು ನಿಲ್ಲುವುದು ಸ್ಕ್ಯಾನ್ ಬಂದ ದಿನದಲ್ಲಲ್ಲ, ಮಲವಗೊಪ್ಪದ ದಿನದಲ್ಲಿ.

ಕಳೆದ ತಿಂಗಳು ಭದ್ರಾವತಿಯಲ್ಲಿ ಸಾಮಾನೆಲ್ಲ ಕಟ್ಟಿ ಮುಗಿದ ಮೇಲೆ ಚಿಕ್ಕಮ್ಮ ಚೊಂಬನ್ನು ತಂದು ಕೊಟ್ಟರು. ಕಪ್ಪಾಗಿತ್ತು. ಖಾಲಿ ಬಚ್ಚಲಿನ ಹೊಸ್ತಿಲ ಮೇಲೆ ಕೂತು ಹೇಳಿದರು. "ಆ ಐದು ತಿಂಗಳು ನಾನು ಅಕ್ಕನ ಕೈಯಿಂದ ಕಿತ್ಕೊಂಡೆ ಅನ್ಸುತ್ತೆ ಕಣೆ ಶೈಲಿ. ಆದ್ರೆ ಬೇಡಾಗಿತ್ತು ಅಂತ ಒಂದಿನಾನೂ ಅನ್ಸಿಲ್ಲ. ಇದನ್ನ ನಿಮ್ಮಮ್ಮಂಗೆ ಹೇಳ್ಬೇಡ."

"ಅಮ್ಮಂಗೆ ಗೊತ್ತಿದೆ ಚಿಕ್ಕಮ್ಮ" ಅಂದೆ.

ಅದಾದ ಮೇಲಿನ ಭಾನುವಾರ ಅಕ್ಕ ಮಗಳ ಜೊತೆ ದುರ್ಗಿಗುಡಿಗೆ ಬಂದಿದ್ದಳು. ಇಂಚರಳಿಗೆ ಚಿಕ್ಕಮ್ಮನೇ ಅಜ್ಜಿ. ನಮ್ಮಮ್ಮ ಫೋನಜ್ಜಿ. ಯಾರೂ ಕಲಿಸಿದ್ದಲ್ಲ, ತಿದ್ದಿದರೂ ಬಿಟ್ಟಿಲ್ಲ. ಅಮ್ಮ ಜಗುಲಿಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ಹುಣಸೆಹಣ್ಣು ಹಾಕಿ 'ಸರ ಸರ' ಚೊಂಬು ಉಜ್ಜುತ್ತಿದ್ದಳು. ತಾಮ್ರ ಕೆಂಪಗೆ ಹೊಳೆಯತೊಡಗಿದಾಗ ಇಂಚರ ಓಡಿಬಂದು ಆ ಕಾಲುಗಳ ಮೇಲೆ, ಜಾರುಬಂಡೆ ಎಂದುಕೊಂಡಳೋ ಏನೋ, ಅಂಗಾತ ಮಲಗಿಬಿಟ್ಟಳು. ಪಾದ ಅಮ್ಮನ ಹೊಟ್ಟೆಗೆ ಒತ್ತುತ್ತಿತ್ತು, ತಲೆ ಹಿಮ್ಮಡಿಯಿಂದಾಚೆ ನೇತಾಡುತ್ತಿತ್ತು. ಅಮ್ಮ ಮುಂದಕ್ಕೆ ಬಾಗಿ ಎಡಗೈಯನ್ನು ಕತ್ತಿನ ಕೆಳಗೆ ಇಟ್ಟಳು. ಬಲಗೈ ಚೊಂಬನ್ನು ಎತ್ತಿ ಮೊದಲು ತನ್ನ ಕಾಲಿಗೆ, ಆಮೇಲೆ ಮಗುವಿನ ಹೊಟ್ಟೆಗೆ ನಿಧಾನವಾಗಿ ಬಗ್ಗಿಸಿತು.

"ನೀರೇ ಇಲ್ಲ ಫೋನಜ್ಜಿ!" ಎಂದು ಇಂಚರ ಬಿದ್ದು ಬಿದ್ದು ನಕ್ಕಳು.

"ಹೂಂ ಕಂದ, ಇಲ್ಲ" ಅಂದಳು ಅಮ್ಮ. ಅಂದು, ಖಾಲಿ ಚೊಂಬನ್ನು ಇಲ್ಲದ ಹಂಡೆಗೆ ಅದ್ದಿ, ಮುಖಕ್ಕೆ ತಾಗದ ಹಾಗೆ, ಮತ್ತೊಮ್ಮೆ ಹೊಯ್ದಳು.